ಮರ ಕಡಿಯುವ ಕೆಲಸಕ್ಕೆ ಹೆಲ್ಮೆಟ್ ಆಯ್ಕೆ: ವರ್ತಕರು ಗಮನಿಸಬೇಕಾದ ಅಂಶಗಳು

ರಕ್ಷಣಾ ಹೆಲ್ಮೆಟ್ ನಮ್ಮ ಜಿಲ್ಲೆಗೆ ಹೊಸ ವಸ್ತುವಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿಯೂ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿಯೂ ಅದನ್ನು ಧರಿಸಿ ದುಡಿಯುವ ಕಾರ್ಮಿಕರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ತುಂಗಭದ್ರೆಯ ದಡದ ಚೀಕಲಪರ್ವಿಯಿಂದ ಮಾನ್ವಿಯವರೆಗೆ, ದೇವದುರ್ಗದ ಹೊಲಗಳ ಬದುಗಳಲ್ಲಿ, ರಾಯಚೂರಿನ ಗಿರಣಿಗಳ ಅಂಗಳದಲ್ಲಿ ಬೇವು, ಹುಣಸೆ, ಜಾಲಿ ಮರಗಳನ್ನು ಕಡಿಯುವ, ಟೊಂಗೆ ಸವರುವ ಕೂಲಿಕಾರನ ತಲೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಟವೆಲ್ ಮಾತ್ರ. ಈ ಕೆಲಸ ಮಾಡಿಸುವವರು ಕಟ್ಟಿಗೆ ವ್ಯಾಪಾರಿಗಳು, ಸಾ ಮಿಲ್ ಮಾಲೀಕರು, ಗುತ್ತೇದಾರರು, ಅಂದರೆ ನಮ್ಮ ವರ್ತಕ ಬಾಂಧವರೇ. ಆದ್ದರಿಂದ ಈ ವಿಷಯವನ್ನು ಸುರಕ್ಷತೆಯ ದೃಷ್ಟಿಯಿಂದಲೂ ಲೆಕ್ಕಪತ್ರದ ದೃಷ್ಟಿಯಿಂದಲೂ ಪರಿಶೀಲಿಸುವುದು ಅವಶ್ಯವಾಗಿದೆ.

ಹೊಣೆ ಯಾರದು?

"ಕೆಲಸವನ್ನು ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೇನೆ, ಆಳುಗಳ ಜವಾಬ್ದಾರಿ ಅವನದು" ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಕಾನೂನು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಗುತ್ತಿಗೆ ಕೊಟ್ಟ ಕೆಲಸವು ಮಾಲೀಕನ ಕಸುಬಿನ ಸಹಜ ಭಾಗವಾಗಿದ್ದರೆ, ಗುತ್ತೇದಾರನ ಆಳಿಗೆ ಆದ ಅಪಘಾತಕ್ಕೂ ಮಾಲೀಕನೇ ಪರಿಹಾರ ಕೊಡಬೇಕಾಗುತ್ತದೆ. ಆಮೇಲೆ ಅದನ್ನು ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಬಹುದು. 1923ರ ಪರಿಹಾರ ಕಾಯಿದೆಯಲ್ಲಿದ್ದ ಈ ತತ್ತ್ವವು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತೆ ಸಂಹಿತೆ, 2020ರಲ್ಲಿಯೂ ಮುಂದುವರಿದಿದೆ. ಕಟ್ಟಿಗೆ ವ್ಯಾಪಾರಿಗೆ ಮರ ಕಡಿಸುವುದು ಕಸುಬಿನ ಭಾಗವೇ ಆಗಿದೆ. ಅಕ್ಕಿ ಗಿರಣಿಯ ಅಂಗಳದ ಬೇವಿನ ಮರದ ವಿಷಯದಲ್ಲಿ ವಾದಕ್ಕೆ ಅವಕಾಶವುಂಟು. ಆದರೆ ವಾದ ಮುಗಿಯುವ ತನಕ ಮೃತನ ಕುಟುಂಬ ಹೇಗೆ ಕಾಯಬೇಕು?

ಮೊತ್ತವನ್ನೂ ನೋಡೋಣ. ಇ.ಎಸ್.ಐ. ವ್ಯಾಪ್ತಿಗೆ ಒಳಪಡದ 30 ವರ್ಷದ ಕಾರ್ಮಿಕನೊಬ್ಬನ ತಿಂಗಳ ವೇತನ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಮರಣ ಸಂಭವಿಸಿದಲ್ಲಿ ವೇತನದ ಶೇ. 50, ಅಂದರೆ 7,500 ರೂಪಾಯಿಯನ್ನು ಆ ವಯಸ್ಸಿಗೆ ನಿಗದಿಯಾದ 207.98 ಎಂಬ ಅಂಕದಿಂದ ಗುಣಿಸಬೇಕು. ಪರಿಹಾರ 15,59,850 ರೂಪಾಯಿ. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಶೇ. 60ರ ಲೆಕ್ಕ, ಅದು ಇನ್ನೂ ಹೆಚ್ಚು. "ಹೆಲ್ಮೆಟ್ ಕೊಟ್ಟಿದ್ದೆ, ಅವನೇ ಹಾಕಿಕೊಳ್ಳಲಿಲ್ಲ" ಎಂಬ ಸಮರ್ಥನೆ ಈ ಎರಡು ಪ್ರಸಂಗಗಳಲ್ಲಿ ನಡೆಯುವುದಿಲ್ಲ. ಆದ್ದರಿಂದ ಖರೀದಿಸಿ ಮೂಲೆಯಲ್ಲಿಟ್ಟ ಹೆಲ್ಮೆಟ್ ಜೀವವನ್ನೂ ಉಳಿಸದು, ಹಣವನ್ನೂ ಉಳಿಸದು.

ಹೆಲ್ಮೆಟ್ ಎಷ್ಟನ್ನು ತಡೆಯಬಲ್ಲದು?

ಯೂರೋಪಿನ ಕೈಗಾರಿಕಾ ಹೆಲ್ಮೆಟ್ ಮಾನಕವಾದ ಇ.ಎನ್. 397ರ 2012ರ ಆವೃತ್ತಿಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ಟಿನ ನೆತ್ತಿಯ ಮೇಲೆ ಬೀಳಿಸಿ ಪರೀಕ್ಷಿಸಲಾಗುತ್ತದೆ. ತೂಕ ಮತ್ತು ಎತ್ತರವನ್ನು ಗುಣಿಸಿದರೆ 5. ಈಗ 10 ಕಿಲೋ ತೂಕದ ಜಾಲಿ ಟೊಂಗೆ 8 ಮೀಟರ್ ಎತ್ತರದಿಂದ ಬಿದ್ದರೆ ಗುಣಲಬ್ಧ 80; ಪರೀಕ್ಷೆಯ ಹದಿನಾರು ಪಟ್ಟು. ಒಂದೂವರೆ ಕಿಲೋದ ತೆಂಗಿನಕಾಯಿ 15 ಮೀಟರಿನಿಂದ ಬಿದ್ದರೆ ನಾಲ್ಕು ಪಟ್ಟಿಗೂ ಅಧಿಕ. ಒಣ ಕಡ್ಡಿ, ಚಿಕ್ಕ ಟೊಂಗೆ, ಜಾರಿದ ಮಚ್ಚು ಇವುಗಳಿಂದ ಹೆಲ್ಮೆಟ್ ಕಾಪಾಡೀತು. ದೊಡ್ಡ ಟೊಂಗೆಯಿಂದ ಕಾಪಾಡುವುದು ದೂರ ನಿಲ್ಲುವುದೊಂದೇ. ಟೊಂಗೆಗೆ ಹಗ್ಗ ಕಟ್ಟಿ ಇಳಿಸುವುದು, ಮರದ ಬುಡದಲ್ಲಿ ಯಾರನ್ನೂ ನಿಲ್ಲಗೊಡದಿರುವುದು ಮೊದಲು; ಹೆಲ್ಮೆಟ್ ಆನಂತರ.

ಕೆಳಗಿರುವವನು ಬೇರೆ, ಮೇಲಿರುವವನು ಬೇರೆ

ಒಂದೇ ಬಗೆಯ ಹನ್ನೆರಡು ಹೆಲ್ಮೆಟ್ ತಂದು ಎಲ್ಲರಿಗೂ ಹಂಚುವುದು ಸಾಮಾನ್ಯ ಪದ್ಧತಿ. ಆದರೆ ಈ ಕೆಲಸದಲ್ಲಿ ನಿರ್ಣಾಯಕವಾದುದು ಗದ್ದದ ಪಟ್ಟಿ. ನೆಲದ ಮೇಲೆ ದುಡಿಯುವವನ ಹೆಲ್ಮೆಟ್ ಟೊಂಗೆಗೋ ಯಂತ್ರಕ್ಕೋ ಸಿಕ್ಕಿಕೊಂಡರೆ ಪಟ್ಟಿ ಕುತ್ತಿಗೆಗೆ ಉರುಳಾಗಬಾರದು. ಆದ್ದರಿಂದ ಮೇಲೆ ಹೇಳಿದ ಮಾನಕದಲ್ಲಿ ಪಟ್ಟಿಯು 150ರಿಂದ 250 ನ್ಯೂಟನ್, ಅಂದರೆ ಸುಮಾರು 15ರಿಂದ 25 ಕಿಲೋ ಭಾರದ ಎಳೆತಕ್ಕೆ ಬಿಟ್ಟುಕೊಳ್ಳಬೇಕು.

ಮರ ಹತ್ತಿದವನ ಸ್ಥಿತಿ ಇದಕ್ಕೆ ವಿರುದ್ಧ. ಅವನು ಕಾಲು ಜಾರಿ ಹಗ್ಗದಲ್ಲಿ ತೂಗಿ ಕಾಂಡಕ್ಕೆ ಅಪ್ಪಳಿಸುವಾಗ ಹೆಲ್ಮೆಟ್ ತಲೆಯ ಮೇಲೆಯೇ ಇರಬೇಕು. ಪರ್ವತಾರೋಹಿಗಳ ಹೆಲ್ಮೆಟ್ಟಿನ ಮಾನಕವಾದ ಇ.ಎನ್. 12492ರಲ್ಲಿ ಪಟ್ಟಿಯು 500 ನ್ಯೂಟನ್, ಅಂದರೆ ಸುಮಾರು 51 ಕಿಲೋ ಎಳೆತವನ್ನು ತಾಳಬೇಕು. ಮುಂಭಾಗ, ಪಕ್ಕ ಮತ್ತು ಹಿಂಭಾಗದ ಪೆಟ್ಟಿನ ಪರೀಕ್ಷೆಯೂ ಉಂಟು. ಆದ್ದರಿಂದ ಮರ ಹತ್ತುವವನಿಗೆ ಈ ಬಗೆಯ ಪಟ್ಟಿ, ಕೆಳಗಿರುವವನಿಗೆ ಬಿಟ್ಟುಕೊಳ್ಳುವ ಪಟ್ಟಿ ಸೂಕ್ತ. ಪಟ್ಟಿಯೇ ಇಲ್ಲದ ಕಟ್ಟಡ ಕೆಲಸದ ಟೋಪಿ ಮೇಲಿರುವವನಿಗೆ ನಿರುಪಯುಕ್ತ; ಬಗ್ಗಿದೊಡನೆ ಅದು ಕೆಳಗೆ ಬೀಳುತ್ತದೆ. ದ್ವಿಚಕ್ರ ವಾಹನದ ಹೆಲ್ಮೆಟ್ಟೂ ಬದಲಿಯಲ್ಲ. ರಸ್ತೆಯ ಪೆಟ್ಟಿಗಾಗಿ ರಚಿತವಾದ ಅದು ಕಿವಿ ಮುಚ್ಚಿ, "ಸರಿ, ಸರಿ" ಎಂಬ ಕೂಗನ್ನು ಕೇಳಗೊಡದು.

ತಂತಿ ಮತ್ತು ಬಿಸಿಲು

ನಮ್ಮ ಬೇಸಿಗೆಯಲ್ಲಿ ಗಾಳಿ ಕಿಂಡಿಗಳಿರುವ ಹೆಲ್ಮೆಟ್ ಹಿತಕರ. ಆದರೆ ಕಿಂಡಿಯುಳ್ಳ ಹೆಲ್ಮೆಟ್ಟನ್ನು ವಿದ್ಯುತ್ ನಿರೋಧಕವೆಂದು ನಂಬಲಾಗದು. ಜೆಸ್ಕಾಂ ತಂತಿಗಳ ಸಮೀಪ ಟೊಂಗೆ ಸವರುವವರಿಗೆ ಕಿಂಡಿಯಿಲ್ಲದ, ವಿದ್ಯುತ್ ನಿರೋಧಕ ಗುರುತುಳ್ಳ ಹೆಲ್ಮೆಟ್ ಕೊಡತಕ್ಕದ್ದು. ಇಂಥ ಗುರುತುಗಳೂ 440 ವೋಲ್ಟ್ ಅಥವಾ 1,000 ವೋಲ್ಟ್‌ಗಳಂಥ ಮಿತಿಗೆ ಒಳಪಟ್ಟವು, 11 ಕೆ.ವಿ. ತಂತಿಯಿಂದ ಯಾವ ಹೆಲ್ಮೆಟ್ಟೂ ರಕ್ಷಿಸದು. ಲೈನ್ ಬಂದ್ ಮಾಡಿಸದೆ ಕೆಲಸ ಆರಂಭಿಸಬಾರದು.

ಬಿಸಿಲಿಗಾಗಿ ಹೆಲ್ಮೆಟ್ಟಿನೊಳಗೆ ಟವೆಲ್ ಸುತ್ತಿಕೊಳ್ಳುವ ರೂಢಿಯನ್ನು ತಪ್ಪಿಸಬೇಕು. ಹೊರಚಿಪ್ಪಿಗೂ ತಲೆಗೂ ನಡುವೆ ಇರುವ ಖಾಲಿ ಜಾಗವೇ ಪೆಟ್ಟನ್ನು ಹೀರುವ ಸ್ಥಳ. ಟವೆಲ್ ಅದನ್ನು ತುಂಬಿದರೆ ಪೆಟ್ಟು ನೇರವಾಗಿ ತಲೆಬುರುಡೆಗೆ ತಲಪುತ್ತದೆ. ಬೆವರು ಹೀರುವ ಹಣೆಪಟ್ಟಿ ಮತ್ತು ಕುತ್ತಿಗೆಗೆ ನೆರಳು ನೀಡುವ ಬಟ್ಟೆ ಕೊಂಡರೆ ಈ ಅಗತ್ಯವೇ ಬಾರದು.

ಚೈನ್ ಸಾ ಯಂತ್ರದ ಸದ್ದು ಸಾಮಾನ್ಯವಾಗಿ 100 ಡೆಸಿಬೆಲ್ ಮೀರುವುದರಿಂದ ಅದನ್ನು ನಡೆಸುವವನಿಗೆ ಕಿವಿಗವಸು ಮತ್ತು ಜಾಲರಿ ಮುಖಕವಚ ಜೋಡಿಸುವ ಸೌಲಭ್ಯವುಳ್ಳ ಹೆಲ್ಮೆಟ್ ಬೇಕು. ಜಾಲರಿ ಸಣ್ಣ ಹೊಟ್ಟನ್ನು ತಡೆಯದು; ಒಳಗೆ ಕನ್ನಡಕವೂ ಇರಲಿ. ಕಿವಿಗವಸು ಆ ಹೆಲ್ಮೆಟ್ಟಿಗೆಂದೇ ತಯಾರಾದುದಾಗಿರಬೇಕು.

ಖರೀದಿ ಮತ್ತು ದಾಖಲೆ

ಭಾರತದಲ್ಲಿ ಕೈಗಾರಿಕಾ ಹೆಲ್ಮೆಟ್ಟಿನ ಮಾನಕ ಐ.ಎಸ್. 2925. ಐ.ಎಸ್. 4151 ಎಂದಿದ್ದರೆ ಅದು ದ್ವಿಚಕ್ರ ವಾಹನದ್ದು. ಐ.ಎಸ್.ಐ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ನಮೂದಿಸಿ ಅಸಲಿಯೇ ಎಂದು ಪರಿಶೀಲಿಸಬಹುದು. ಬಿಲ್ಲಿನಲ್ಲಿ "ಹೆಲ್ಮೆಟ್ 12 ನಗ" ಎಂದಷ್ಟೇ ಬರೆಸದೆ ಮಾನಕ, ಮಾದರಿ ಮತ್ತು ನಿಮ್ಮ ಜಿ.ಎಸ್.ಟಿ. ಸಂಖ್ಯೆಯನ್ನು ಬರೆಸಿಕೊಳ್ಳಿ. ವ್ಯವಹಾರಕ್ಕಾಗಿ ಖರೀದಿಸಿದ ರಕ್ಷಣಾ ಸಾಮಗ್ರಿ ವ್ಯವಹಾರದ ವೆಚ್ಚವೇ. ನೋಂದಾಯಿತ ವರ್ತಕರು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯನ್ನೂ ಪಡೆಯಬಹುದು. ಕಾರ್ಮಿಕನ ಕೂಲಿಯಲ್ಲಿ ಇದರ ಬೆಲೆಯನ್ನು ಹಿಡಿಯಕೂಡದು.

ಕೊಟ್ಟ ದಿನಾಂಕ, ಪಡೆದವನ ಹೆಸರು, ಸಹಿ ಅಥವಾ ಹೆಬ್ಬೆಟ್ಟು ಇರುವ ಒಂದು ವಹಿಯನ್ನು ಇಡಿ. ವಿಮಾ ಪಾಲಿಸಿಯು ಗುತ್ತೇದಾರನ ಆಳುಗಳಿಗೂ ಎತ್ತರದ ಕೆಲಸಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಓದಿ ನೋಡಿ.

ಯಾವಾಗ ತೆಗೆದೆಸೆಯಬೇಕು?

ಹೆಲ್ಮೆಟ್ಟಿನ ಒಳಭಾಗದಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತದೆ. ತಯಾರಕರು ಸೂಚಿಸಿದ ಅವಧಿ ಮೀರಿದುದನ್ನು ಬಳಸಬಾರದು. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುವುದರಿಂದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬಿಟ್ಟಿಡಬೇಡಿ. ಬಣ್ಣ ಮಾಸಿ ಪುಡಿ ಏಳುತ್ತಿದ್ದರೆ, ಎರಡೂ ಬದಿ ಒತ್ತಿದಾಗ ಚಟಚಟ ಸದ್ದು ಬಂದರೆ, ಒಮ್ಮೆ ಬಲವಾದ ಪೆಟ್ಟು ಬಿದ್ದಿದ್ದರೆ, ಹೊರಗೆ ಏನೂ ಕಾಣದಿದ್ದರೂ ಅದನ್ನು ಬದಲಾಯಿಸಿ. ತಯಾರಕರ ಅನುಮತಿಯಿಲ್ಲದೆ ಅಂಗಡಿಯ ಹೆಸರನ್ನು ಥಿನ್ನರ್ ಬಣ್ಣದಿಂದ ಬರೆಸುವುದು, ರಂಧ್ರ ಕೊರೆಯುವುದು ಸಲ್ಲದು.

ಸಂಕ್ಷೇಪವಾಗಿ ಹೇಳುವುದಾದರೆ, ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಮರ ಹತ್ತುವವರು ಎಷ್ಟು ಮಂದಿ? ಯಂತ್ರ ನಡೆಸುವವರು ಎಷ್ಟು ಮಂದಿ? ಸಮೀಪದಲ್ಲಿ ತಂತಿ ಇದೆಯೇ? ಇವಕ್ಕೆ ಉತ್ತರ ಬರೆದುಕೊಂಡರೆ ಖರೀದಿಯ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಮುಂದಿನ ಗುತ್ತಿಗೆಯ ಕರಾರು ಪತ್ರದಲ್ಲಿ ಹೆಲ್ಮೆಟ್ಟಿಗಾಗಿ ಒಂದು ಷರತ್ತನ್ನೂ, ಅಂದಾಜು ಪಟ್ಟಿಯಲ್ಲಿ ಒಂದು ಬಾಬತ್ತನ್ನೂ ಸದಸ್ಯರು ತಪ್ಪದೆ ಸೇರಿಸಬೇಕಾಗಿ ವಿನಂತಿ.