ಗೋವಾದ ಕಡಲಿಗಿಳಿಯುವವರ ಚೀಲದಲ್ಲಿ ಏನಿರಬೇಕು?

ಗೋವಾದಲ್ಲಿ ಸ್ಕೂಬಾ ಎಂದರೆ ಬಹುಮಟ್ಟಿಗೆ ಗ್ರಾಂಡೆ ದ್ವೀಪ. ವಾಸ್ಕೋದಾಚೆ ಕಡಲಲ್ಲಿರುವ ಈ ಗುಡ್ಡದ ಸುತ್ತ ಹವಳವಿದೆ, ಡೈವರ್‌ಗಳು ‘ಸೂಝೀಸ್ ರೆಕ್’ ಎಂದು ಕರೆಯುವ ಮುಳುಗಿದ ಹಡಗಿದೆ, ಮೀನಂತೂ ಧಾರಾಳ. ಇಲ್ಲದಿರುವುದು ತಿಳಿನೀರು. ಮಾಂಡವಿ, ಜುವಾರಿ ನದಿಗಳ ಹೂಳು ಬಂದು ಸೇರುವ ಈ ಕಡಲಲ್ಲಿ ಎಷ್ಟೋ ದಿನ ಐದಾರು ಮೀಟರ್ ಆಚೆಗೆ ಏನೂ ಕಾಣುವುದಿಲ್ಲ. ಸ್ವಲ್ಪ ಅನುಭವವಿದ್ದವರನ್ನು ಗೋವಾದ ಡೈವ್ ಕೇಂದ್ರಗಳು ನಮ್ಮ ಮುರ್ಡೇಶ್ವರಕ್ಕೆ ಕರೆತಂದು ನೇತ್ರಾಣಿಯಲ್ಲಿ ಇಳಿಸುವುದು ಇದೇ ಕಾರಣಕ್ಕೆ. ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೀರಿಗಿಳಿದ ನೇತ್ರಾಣಿ ಅದೇ. ಮಾಲ್ಡೀವ್ಸ್‌ನ ಗಾಜಿನಂಥ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಾಮಾನಿನ ಪಟ್ಟಿ ಈ ಕರಾವಳಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಸಿಲಿಂಡರ್, ರೆಗ್ಯುಲೇಟರ್, ಗಾಳಿ ತುಂಬುವ ಜಾಕೆಟ್, ಸೀಸದ ತೂಕ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ವರ್ಷಕ್ಕೊಮ್ಮೆ ಹೋಗುವವರು ಅವನ್ನು ಕೊಳ್ಳುವುದು ದುಂದು. ದುಡ್ಡು ಹಾಕುವುದಿದ್ದರೆ ಮೊದಲು ಮಾಸ್ಕ್‌ಗೆ ಹಾಕಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಬರೇ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈ ಬಿಟ್ಟರೂ ಅದು ಕಚ್ಚಿಕೊಂಡೇ ಇದ್ದರೆ ನಿಮ್ಮ ಮುಖಕ್ಕೆ ಹೊಂದಿತೆಂದು ಅರ್ಥ. ಪೊದೆಮೀಸೆಯವರಿಗೆ ಈ ಪರೀಕ್ಷೆ ಕಠಿಣ. ಮೂಗಿನಡಿಯ ಕೂದಲಿನ ಸಂದಿಯಿಂದ ನೀರು ಜಿನುಗುತ್ತದೆ. ಕೆಲವರು ಅಲ್ಲಷ್ಟೇ ಒಂದು ಗೆರೆ ಬೋಳಿಸಿಕೊಳ್ಳುತ್ತಾರೆ, ಮೀಸೆಯ ಮೇಲೆ ಅಭಿಮಾನವಿದ್ದವರು ಜಿನುಗಿದ್ದನ್ನು ಮೂಗಿನಿಂದ ಊದಿ ಹೊರಹಾಕುವುದನ್ನು ಕಲಿಯುತ್ತಾರೆ. ಉದ್ದ ಕೂದಲಿನವರು ಮಾಸ್ಕಿನ ಪಟ್ಟಿಗೆ ಬಟ್ಟೆಯ ಕವಚ ಹಾಕಿಕೊಂಡರೆ ಕೂದಲು ಕಿತ್ತು ಬರುವುದು ತಪ್ಪುತ್ತದೆ. ಕನ್ನಡಕದವರಿಗೆ ನಂಬರ್ ಇರುವ ಗಾಜು ಸಿಗುತ್ತದೆ. ಇಲ್ಲದಿದ್ದರೆ, ಐದು ಮೀಟರ್ ಕಾಣುವ ನೀರು ಅವರ ಪಾಲಿಗೆ ಎರಡೇ ಮೀಟರ್. ಹೊಸ ಮಾಸ್ಕಿನ ಗಾಜಿನೊಳಗೆ ತಯಾರಿಕೆಯ ಎಣ್ಣೆಪದರ ಉಳಿದಿರುತ್ತದೆ, ಅದನ್ನು ಬಿಳಿ ಟೂತ್‌ಪೇಸ್ಟ್‌ನಿಂದ ಉಜ್ಜಿ ತೆಗೆಯಬೇಕು. ಆಮೇಲೆ ಮಂಜು ಕಟ್ಟದಿರಲು ಎರಡು ಹನಿ ಬೇಬಿ ಶಾಂಪೂ ಸಾಕು. ಅದೂ ಇಲ್ಲವೆಂದರೆ ಉಗುಳು. ನುರಿತವರೂ ಅದನ್ನೇ ಮಾಡುತ್ತಾರೆ.

ನೀರು ಬೆಚ್ಚಗಿದೆ, ಈಜುಡುಗೆ ಸಾಕು ಎನ್ನುವವರು ಅನೇಕರು. 28 ಡಿಗ್ರಿ ನೀರು ಇಳಿದಾಗ ಹಿತವೇ. ಆದರೆ ನೀರು ಮೈಯ ಬಿಸಿಯನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಎಳೆದುಕೊಳ್ಳುತ್ತದೆ. ಎರಡನೇ ಡೈವ್‌ನ ಹೊತ್ತಿಗೆ ಹಲ್ಲು ಕಟಕಟಿಸುತ್ತದೆ. ಮೂರು ಮಿಲಿಮೀಟರ್ ವೆಟ್‌ಸೂಟ್ ಇರಲಿ, ಇಲ್ಲವೇ ಪೂರ್ತಿ ತೋಳಿನ ರ‍್ಯಾಶ್ ಗಾರ್ಡಾದರೂ ಇರಲಿ. ಜೆಲ್ಲಿ ಮೀನಿಗೂ ಬಿಸಿಲಿಗೂ ಅದೇ ತಡೆ, ಸನ್‌ಸ್ಕ್ರೀನ್ ಖರ್ಚೂ ಕಡಿಮೆ. ಆಕ್ಸಿಬೆನ್‌ಝೋನ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿಯೆಂದು ಹವಾಯಿ ರಾಜ್ಯ 2021ರಿಂದ ಅದರ ಮಾರಾಟ ನಿಲ್ಲಿಸಿದೆ. ಕೈಗವಸು ಮಾತ್ರ ಬೇಡ. ಕೈಗೆ ರಕ್ಷಣೆಯಿದೆ ಎಂದಾದರೆ ಕಂಡಿದ್ದನ್ನೆಲ್ಲ ಮುಟ್ಟುವ ಚಪಲ ಬರುತ್ತದೆ.

ನಾನು ಬಹಳ ಒತ್ತಿ ಹೇಳುವುದು ಎರಡು ಅಗ್ಗದ ವಸ್ತುಗಳ ಬಗ್ಗೆ. ಮೊದಲನೆಯದು ಬಣ್ಣದ ಗಾಳಿಕೊಳವೆ, ಡೈವರ್‌ಗಳ ಬಾಯಲ್ಲಿ ‘ಎಸ್‌ಎಂಬಿ’. ಗ್ರಾಂಡೆಯ ಆಸುಪಾಸಿನಲ್ಲಿ ಮೀನುಗಾರಿಕೆ ದೋಣಿ, ಪ್ರವಾಸಿ ದೋಣಿ ಎರಡೂ ಓಡಾಡುತ್ತವೆ. ಅರ್ಧ ಮೀಟರ್ ಅಲೆಯಿದ್ದರೂ ತೇಲುವ ತಲೆ ದೋಣಿಯವನ ಕಣ್ಣಿಗೆ ಬೀಳುವುದಿಲ್ಲ, ಆಳೆತ್ತರದ ಕಿತ್ತಳೆ ಬಣ್ಣದ ಕೊಳವೆ ಬೀಳುತ್ತದೆ. ಜೊತೆಗೊಂದು ಸೀಟಿ. ಎರಡನೆಯದು ದಾರ ಕತ್ತರಿಸುವ ಕಟ್ಟರ್. ಬಂಡೆಗೆ ಸಿಕ್ಕಿ ಹರಿದುಳಿದ ನೈಲಾನ್ ಬಲೆ, ಗಾಳದ ದಾರ ಕಲಕು ನೀರಿನಲ್ಲಿ ಕಾಣುವುದೇ ಇಲ್ಲ. ಫಿನ್ಸ್‌ಗೋ ಸಿಲಿಂಡರಿನ ತಲೆಗೋ ಸುತ್ತಿಕೊಂಡ ಮೇಲಷ್ಟೇ ಗೊತ್ತಾಗುವುದು. ಸಿನಿಮಾದ ಉದ್ದ ಚಾಕು ಬೇಡ, ಅಂಗೈಯಗಲದ ಕಟ್ಟರ್ ಸಾಕು. ವಿಮಾನದಲ್ಲಿ ಬರುವವರು ಅದನ್ನು ಚೆಕ್-ಇನ್ ಚೀಲಕ್ಕೆ ಹಾಕಿ, ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿಟ್ಟುಕೊಳ್ಳಬೇಕು. ಹಾಕುವ ಜಾಗ ಅದಲುಬದಲಾದರೆ ಎರಡೂ ನಿಲ್ದಾಣದಲ್ಲೇ ಉಳಿದಾವು.

ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮುಂಚೆ ನುಂಗಬೇಕು, ಹೊಟ್ಟೆ ತೊಳಸಿದ ಮೇಲಲ್ಲ. ಓಆರ್‌ಎಸ್ ಪೊಟ್ಟಣವೂ ಇರಲಿ. ಹಿಂದಿನ ರಾತ್ರಿಯ ಫೆನ್ನಿ ಮಾತ್ರ ಬೇಡ. ಅದು ಮೈಯ ನೀರನ್ನೆಲ್ಲ ಹೀರಿಬಿಡುತ್ತದೆ.

ಬಲೆಚೀಲವಿದ್ದರೆ ಪ್ಲಾಸ್ಟಿಕ್ ಆರಿಸಿಕೊಂಡು ಬನ್ನಿ, ಹವಳದ ತುಂಡನ್ನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಹಡಗಿನ ಅವಶೇಷವನ್ನೂ ಮುಟ್ಟಬಾರದು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಗೋವಾದ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ಮುಳುಗಿದ ಹಡಗೊಂದನ್ನು ಪರೀಕ್ಷಿಸಿದಾಗ ಸಿಕ್ಕ ಸುಟ್ಟಮಣ್ಣಿನ ಸಾಮಾನಿನ ಮೇಲೆ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರೂ 1865ರ ಇಸವಿಯೂ ಇದ್ದವು. ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ ಅದು. ಹಡಗು ಮುಳುಗಿದ್ದು ಅದಕ್ಕಿಂತ ಮೊದಲಲ್ಲ ಎಂದು ಗೊತ್ತಾಗುವುದು ಆ ಒಂದು ಮುದ್ರೆಯಿಂದ. ಅಂಥದ್ದೊಂದನ್ನು ಯಾರೋ ನೆನಪಿಗೆಂದು ಜೇಬಿಗಿಳಿಸಿದ್ದರೆ ಆ ಹಡಗಿಗೆ ಕಾಲವೇ ಇರುತ್ತಿರಲಿಲ್ಲ.

ಕೊನೆಗೆ, ಘಟ್ಟದ ಮೇಲಿನವರಿಗೆ ವಿಶೇಷವಾಗಿ ಸಂಬಂಧಿಸಿದ ಮಾತು. ಡೈವ್ ಮುಗಿದ ಮೇಲೆ ರಕ್ತದಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ಎತ್ತರಕ್ಕೇರಿದರೆ ಅದು ಗುಳ್ಳೆಯಾಗಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು. ವಿಮಾನ ಹತ್ತುವ ಮುನ್ನ ಒಂದೇ ಡೈವ್‌ಗೆ 12 ಗಂಟೆ, ಹಲವು ಡೈವ್‌ಗೆ 18 ಗಂಟೆ ಕಾಯಬೇಕೆನ್ನುತ್ತದೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್. ಈ ಎಚ್ಚರಿಕೆ ಅನ್ವಯಿಸುವುದು ಸುಮಾರು 600 ಮೀಟರ್ ಎತ್ತರದಿಂದಲೇ. ಬೆಳಗಾವಿ 700 ಮೀಟರಿಗೂ ಮೇಲಿದೆ, ಬೆಂಗಳೂರು 900ರ ಆಸುಪಾಸು. ಭಾನುವಾರ ಮಧ್ಯಾಹ್ನ ಎರಡು ಸಲ ಮುಳುಗಿ, ಅದೇ ರಾತ್ರಿ ಸ್ಲೀಪರ್ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗುವ ನಮ್ಮ ಐಟಿ ಹುಡುಗರ ಲೆಕ್ಕದಲ್ಲಿ ಈ ಘಟ್ಟ ಸೇರಿರುವುದಿಲ್ಲ. ಶನಿವಾರವೇ ಡೈವ್ ಮುಗಿಸಿ, ಭಾನುವಾರ ಮಡಗಾಂವ್‌ನಲ್ಲೋ ಕಾರವಾರದಲ್ಲೋ ಮೀನೂಟ ಮಾಡಿ, ರಾತ್ರಿ ಹೊರಡಬಹುದು.