ಹಣ್ಣುನೊಣದ ಮಾತೃವಂಶ

ಮಲೆನಾಡಿನ ಸೆರಗು ಬಯಲುಸೀಮೆಯನ್ನು ಕೂಡುವ ಸವಳಂಗದ ಯಾವ ಮನೆಯಲ್ಲಾದರೂ ಬಾಳೆಯ ಗೊನೆ ಕಳಿತು ಕಪ್ಪಾಗತೊಡಗಿದೊಡನೆ ಎಲ್ಲಿಂದಲೋ ಬಂದು ಮುತ್ತುವ, ಎಳ್ಳುಕಾಳಿನಷ್ಟೇ ಇರುವ ಆ ನೊಣವನ್ನು ಕೈಬೀಸಿ ಓಡಿಸುವವರೇ ಹೆಚ್ಚು. ಆದರೆ ಈ ಕ್ಷುದ್ರಜೀವಿಯ ವಂಶಾವಳಿಯ ಶೋಧನೆಗಾಗಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯು ದಶಕಗಳನ್ನೇ ವ್ಯಯಿಸಿದೆಯೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಯಿಂದ ಅರಿತಿರಬೇಕಾದ ಸಂಗತಿ.

ಹಣ್ಣಾದ ಬಾಳೆಯನ್ನು ಕಿವುಚಿ, ಈಸ್ಟ್ ಉದುರಿಸಿದ ಬಾಟಲಿಗಳನ್ನು ಪೊದೆಗಳ ನೆರಳಿಗೆ ಕಟ್ಟಿ, ನೊಣಗಳು ಒಳಹೊಕ್ಕ ಬಳಿಕ ಬಾಯಿಗೆ ಹತ್ತಿ ತುರುಕಿ ತಂದು, ಗೋಧಿರವೆ, ಬೆಲ್ಲ, ಅಗರ್‌ಗಳನ್ನು ಬೇಯಿಸಿ ಆರಿಸಿದ ಗಂಜಿಯ ಮೇಲೆ ಸಾಕುವುದು ಅಲ್ಲಿಯ ಪದ್ಧತಿ. ಹೀಗೆ ಸಾಕಿದ ಹಣ್ಣುನೊಣಗಳಲ್ಲಿ ಕೊಡಗಿನ ಡ್ರೊಸೊಫಿಲಾ ನಾಸುಟಕ್ಕೆ ವರ್ಣತಂತುಗಳು 8. ಅದರ ಹತ್ತಿರದ ಬಂಧುವಾದ ಒಕಿನಾವಾ ದ್ವೀಪದ ಆಲ್ಬೊಮಿಕಾನ್ಸ್‌ಗೆ, ಮೂರನೆಯ ವರ್ಣತಂತು ಲಿಂಗನಿರ್ಣಾಯಕ ವರ್ಣತಂತುವಿನೊಡನೆ ಬೆಸೆದುಕೊಂಡಿರುವುದರಿಂದ, 6 ಮಾತ್ರ. ಇಷ್ಟು ಭೇದವಿದ್ದೂ ಇವು ಕೂಡಿ ಫಲವಂತ ಸಂತಾನವನ್ನು ಪಡೆಯುವವು. ಮಾನಸಗಂಗೋತ್ರಿಯ ಸಂಶೋಧಕರಾದ ಎನ್.ಬಿ. ರಾಮಚಂದ್ರ ಮತ್ತು ಎಚ್.ಎ. ರಂಗನಾಥ ಅವರು ಆ ಮಿಶ್ರಸಂತತಿಯನ್ನು ತಲೆಮಾರುಗಳುದ್ದಕ್ಕೂ ಕಾದು ಬೆಳೆಸಲಾಗಿ, ಗಂಡಿನಲ್ಲಿ 7, ಹೆಣ್ಣಿನಲ್ಲಿ 6 ವರ್ಣತಂತುಗಳುಳ್ಳ ನೂತನ ಜನಾಂಗವೊಂದು ಬಾಟಲಿಯಲ್ಲಿಯೇ ಸ್ಥಿರಗೊಂಡಿತು. 1986ರಲ್ಲಿ ಅವರು ಈ ಸಂಕರದ ಫಲಿತಾಂಶಗಳನ್ನು ಪ್ರಕಟಿಸಿದರು. ಇಂಥ ಜನಾಂಗಗಳಿಗೆ ಸೈಟೋರೇಸ್ ಎಂದು ಹೆಸರು. ಸಹಸ್ರಾರು ವರ್ಷಗಳ ಕಾರ್ಯವೆಂದು ನಾವು ನಂಬಿದ್ದ ಪರಿಣಾಮಕ್ರಿಯೆಯ ಒಂದು ಹೆಜ್ಜೆಯನ್ನು ಮನುಷ್ಯನು ಕಣ್ಣಾರೆ ನೋಡಿದ್ದು ಸಾಮಾನ್ಯವೇ?

ಇದಕ್ಕೆ ಕೇವಲ ಒಂದು ವರ್ಷ ಮೊದಲು, 1985ರಲ್ಲಿ, ಅಮೆರಿಕೆಯ ಕ್ಲೇರಿ ಮತ್ತು ವೊಲ್‌ಸ್ಟನ್‌ಹೋಮ್ ಅವರು ಡ್ರೊಸೊಫಿಲಾ ಯಾಕುಬಾ ಎಂಬ ಆಫ್ರಿಕದ ನೊಣದ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಆದ್ಯಂತವಾಗಿ ಓದಿದ್ದರು: ವರ್ತುಲಾಕಾರದ 16,019 ಅಕ್ಷರಜೋಡಿಗಳು, ಅದರಲ್ಲಿ 37 ಜೀನುಗಳು. ಕೋಶಕೇಂದ್ರದ ಹೊರಗಿದ್ದು ಜೀವಕೋಶಕ್ಕೆ ಶಕ್ತಿಯೊದಗಿಸುವ ಈ ಮೈಟೊಕಾಂಡ್ರಿಯವು ತತ್ತಿಯ ಮೂಲಕ ತಾಯಿಯಿಂದಲೇ ಬರತಕ್ಕದ್ದು; ತಂದೆಯ ಅಂಶದೊಡನೆ ಬೆರೆಯದೆ ಇಳಿದು ಬರುವುದರಿಂದಲೇ, ನೊಣಗಳ ಬಂಧುತ್ವವನ್ನು ನಿರ್ಣಯಿಸಲು ವಿದ್ವಾಂಸರು ಅದನ್ನು ಇಷ್ಟೊಂದು ಅವಲಂಬಿಸಿರುವರು.

ಆದರೆ ಆ ಶುದ್ಧತೆಯೇ ಅದರ ಮಿತಿಯೂ ಹೌದೆಂಬುದನ್ನು ಮೈಸೂರಿನ ನೊಣಗಳು ಸ್ಪಷ್ಟಗೊಳಿಸುತ್ತವೆ. ಕೋಶಕೇಂದ್ರದಲ್ಲಿ ಕೊಡಗು, ಒಕಿನಾವಾ ಎರಡರ ವರ್ಣತಂತುಗಳನ್ನೂ ಹೊತ್ತ ಸಂಕರಜನಾಂಗವನ್ನು ಮೈಟೊಕಾಂಡ್ರಿಯವೊಂದನ್ನೇ ಪ್ರಮಾಣವಾಗಿ ಹಿಡಿದು ಪರೀಕ್ಷಿಸಿದರೆ, ಅದು ಮೂಲಮಾತೆಯ ಕುಲಕ್ಕೆ ಮಾತ್ರ ಸೇರಿದ್ದೆಂದು ತೋರಿ, ತಂದೆಯ ಪಾಲು ಸಂಪೂರ್ಣವಾಗಿ ಮರೆಯಾಗುವುದು. ಪ್ರಯೋಗಾಲಯದಲ್ಲಿ ತಾಯಿ ಯಾವುದು, ತಂದೆ ಯಾವುದು ಎಂಬುದು ದಾಖಲೆಯಲ್ಲಿರುವುದರಿಂದ ಈ ಲೋಪ ಒಡನೆಯೇ ಸಿಕ್ಕಿಬೀಳುತ್ತದೆ. ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ನೊಣಕ್ಕೆ ಅಂಥ ದಾಖಲೆಯಿಲ್ಲವಾದುದರಿಂದ, ಅದರ ಕುಲವನ್ನು ಹೇಳಹೊರಟವರು ಕೋಶಕೇಂದ್ರದ ಡಿಎನ್‌ಎಯನ್ನೂ ಜೊತೆಯಲ್ಲಿಟ್ಟುಕೊಂಡೇ ಓದತಕ್ಕದ್ದು.