ಹಿತ್ತಲು ಬರಿದಾಗದಿರಲಿ

ಮುದ್ದೆಗೆ ಬಸ್ಸಾರು ಬೇಕಾದರೆ ಮೊದಲು ಸೊಪ್ಪು ಬೇಕು. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲಾ ಬಯಲಿನಲ್ಲಿ ಕಬ್ಬು, ಭತ್ತ ಹುಲುಸಾಗಿ ಬೆಳೆಯುತ್ತವೆ. ಆದರೂ ಅವುಗಳನ್ನು ಬೆಳೆಯುವ ಅನೇಕ ಮನೆಗಳಿಗೆ ಸೊಪ್ಪಿನ ಕಟ್ಟು ಬರುವುದು ಸಂತೆಯಿಂದ. ಹೊಲ ಮಾರುಕಟ್ಟೆಯ ಪಾಲಾಗಿದೆ, ಹಿತ್ತಲು ಬರಿದಾಗಿದೆ.

ಈ ಸೀಮೆಯ ಕ್ರೈಸ್ತರಿಗೆ ಮಣ್ಣಿನ ನಂಟು ಹಳೆಯದು. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದುಬೊಯಿಸ್, ಚದುರಿದ್ದ ಕ್ರೈಸ್ತ ಕುಟುಂಬಗಳನ್ನು ಒಗ್ಗೂಡಿಸಿದರು. ಸಿಡುಬಿಗೆ ಲಸಿಕೆ ಹಾಕಿಸಿದರು. ಕೃಷಿ ನೆಲೆಗಳನ್ನೂ ಸ್ಥಾಪಿಸಿದರು. ಜಪಮಾಲೆ ಹಿಡಿದ ಕೈಗೆ ಗುದ್ದಲಿಯೂ ಬೇಕೆಂದು ಅವರು ಬಲ್ಲವರಾಗಿದ್ದರು.

ನಾಗಮಂಗಲ, ಕೆ.ಆರ್. ಪೇಟೆಗಳ ಮಳೆಯಾಶ್ರಿತ ಊರುಗಳಲ್ಲಿ ನೀರಿನದೇ ಚಿಂತೆ. 2023ರ ಬರವನ್ನು ಯಾರೂ ಮರೆತಿಲ್ಲ. ಆದರೆ ಹಿತ್ತಲಿಗೆ ನಾಲೆಯೇ ಬೇಕೆಂದಿಲ್ಲ. ಅಕ್ಕಿ, ತರಕಾರಿ ತೊಳೆದ ನೀರನ್ನು ಚೆಲ್ಲದೆ ಎರೆದರೆ ಒಂದು ಪಾತಿ ದಂಟು ಸುಮಾರು ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಬೇರೂರಿದ ನುಗ್ಗೆ ಬಿಸಿಲನ್ನು ತಾಳಿಕೊಳ್ಳುತ್ತದೆ. ಮಳೆಗಾಲದಲ್ಲಿ ಊರಿದ ಅವರೆ ಚಪ್ಪರಕ್ಕೆ ಹಬ್ಬಿ ಚಳಿಗಾಲಕ್ಕೆ ಕಾಯಿ ಕೊಡುತ್ತದೆ.

ಸದ್ಗುಣವು ಅಭ್ಯಾಸದಿಂದ ಮೈಗೂಡುತ್ತದೆ ಎಂಬುದು ಅರಿಸ್ಟಾಟಲನ ವಿಚಾರ. ತಾಳ್ಮೆಯನ್ನು ಮಕ್ಕಳಿಗೆ ಉಪದೇಶದಿಂದ ಕಲಿಸಲಾಗದು. ಪ್ರತಿದಿನ ಒಂದು ಚೊಂಬು ನೀರೆರೆದು ಮೊಳಕೆಗಾಗಿ ಕಾಯುವ ಮಗು ಅದನ್ನು ತಾನೇ ಕಲಿಯುತ್ತದೆ. ತನ್ನ ಕೈಯಾರೆ ಬೆಳೆದ ಸೊಪ್ಪನ್ನು ಅದು ತಟ್ಟೆಯ ಅಂಚಿಗೆ ಸರಿಸುವುದೂ ಅಪರೂಪ.

ಪ್ರಿಯ ಕುಟುಂಬಗಳೇ, ಈ ವಾರವೇ ಒಂದು ಪಾತಿ ಸಿದ್ಧವಾಗಲಿ. ತಂದೆ ಮಣ್ಣು ಹದಮಾಡಲಿ, ಅಜ್ಜಿ ಎತ್ತಿಟ್ಟ ಬೀಜವನ್ನು ತಾಯಿ ಬಿತ್ತಲಿ, ಮಕ್ಕಳು ನೀರೆರೆಯಲಿ. ಮೊದಲ ಕೊಯ್ಲಿನಲ್ಲಿ ಒಂದು ಹಿಡಿ ಸೊಪ್ಪು ನೆರೆಮನೆಗೂ ಹೋಗಲಿ.